ಇಷ್ಟದ ಹಾಡು, ಐದು ಹಿತ್ತಾಳೆ ವಾದ್ಯ

ಇಷ್ಟದ ಹಾಡನ್ನು ಐದು ಹಿತ್ತಾಳೆ ವಾದ್ಯಗಳಿಗೆ ಹೊಂದಿಸಿ ಬರೆಯಬೇಕೆ? ಮೊದಲು ಹಾಡನ್ನು ನೀವೇ ಗುನುಗಿ, ಉಸಿರು ಬೇಕಾದ ಕಡೆ ಗುರುತು ಹಾಕಿ. ಊದುವವರಿಗೂ ಅಲ್ಲೇ ಉಸಿರು ಬೇಕು, ಅಲ್ವಾ? ಎರಡು ಟ್ರಂಪೆಟ್, ಒಂದೊಂದು ಹಾರ್ನ್ (ಫ್ರೆಂಚ್ ಹಾರ್ನ್), ಟ್ರಾಂಬೋನ್, ಟ್ಯೂಬಾ ಸಾಕು. ಬಿ ಫ್ಲಾಟ್ ಅಥವಾ ಇ ಫ್ಲಾಟ್ ಶ್ರುತಿ ಇವರಿಗೆ ಸುಲಭ.

ಟ್ರಂಪೆಟ್, ಹಾರ್ನ್ ಬರೆದ ಸ್ವರಕ್ಕಿಂತ ಕೆಳಗೆ ಕೇಳಿಸುತ್ತವೆ. ಹಾಗಾಗಿ ಬಿ ಫ್ಲಾಟ್ ಟ್ರಂಪೆಟ್‌ಗೆ, ಕೇಳಬೇಕಾದ ಸ್ವರಕ್ಕಿಂತ 2 ಸೆಮಿಟೋನ್ (ಅರ್ಧ ಸ್ವರ) ಮೇಲೆ ಬರೆಯಬೇಕು, ಎಫ್ ಹಾರ್ನ್‌ಗೆ 7. ಹಾರ್ನ್‌ದು ಒಮ್ಮೆ ಮರೆತಿದ್ದೆ, ಮೊದಲ ರಿಹರ್ಸಲ್‌ನಲ್ಲಿ ಕಿವಿ ಮುಚ್ಚಿಕೊಳ್ಳಬೇಕಾಯಿತು!

ಟ್ಯೂನ್ ಪೂರ್ತಿ ಮೊದಲ ಟ್ರಂಪೆಟ್‌ಗೇ ಕೊಡಬೇಡಿ, ಮೇಲಿನ ಸ್ವರಗಳನ್ನು ಬಿಡುವಿಲ್ಲದೆ ಊದಿದರೆ ತುಟಿ ಬೇಗ ಸೋತುಹೋಗುತ್ತದೆ, ಹಾಗಾಗಿ ಪಲ್ಲವಿ ಎರಡನೇ ಸಲ ಬಂದಾಗ ಅದನ್ನು ಟ್ರಾಂಬೋನ್‌ಗೆ ಕೊಟ್ಟು ಟ್ರಂಪೆಟ್‌ನವರನ್ನು ಎಂಟು ಬಾರ್ (ತಾಳದ ಎಂಟು ಸುತ್ತು) ಸುಮ್ನೆ ಕೂರಿಸಿ. ನನಗಂತೂ ಆ ಜಾಗವೇ ಜಾಸ್ತಿ ಇಷ್ಟ. ಕೆಳಗಿನ ಸ್ವರಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಸದ್ದು ಕಲಸಿಹೋಗುತ್ತದೆ. ಟ್ಯೂಬಾ, ಟ್ರಾಂಬೋನ್ ನಡುವೆ ಒಂದು ಆಕ್ಟೇವ್ (ಸ್ಥಾಯಿ) ಜಾಗ ಬಿಡಿ.