ಎಂಟು ಅಡಿ ಪಟ್‌ನ ಕೊರಗು ಹೋಗಿದ್ದು ಹೀಗೆ

ಗಾಲ್ಫ್‌ನಲ್ಲಿ ಪಟ್ ಅಂದರೆ ಚೆಂಡನ್ನು ನೆಲದ ಮೇಲೆ ಉರುಳಿಸಿ ಕುಳಿಗೆ ಹಾಕುವ ಹೊಡೆತ. ಎಂಟು ಅಡಿಯ ಪಟ್ ತಪ್ಪಿದಾಗಲೆಲ್ಲ ನನಗೆ ತುಂಬಾ ಬೇಜಾರಾಗುತ್ತಿತ್ತು. ಇಷ್ಟು ಹತ್ತಿರದಿಂದ ಹಾಕೋಕಾಗಲ್ವಾ ಅಂತ ಮುಂದಿನ ಎರಡು ಹೋಲ್‌ವರೆಗೂ ಅದೇ ಯೋಚನೆ. ಅಭ್ಯಾಸಕ್ಕೆ ಹೋದರೆ ಆ ದೂರದಿಂದಲೇ ಹೊಡೆಯುತ್ತಿದ್ದೆ. ಪಟ್ ಹೊಡೆಯುವ ಕೋಲು, ಅಂದರೆ ಪಟರ್ ಬದಲಿಸಿದೆ, ಹಿಡಿತ ಬದಲಿಸಿದೆ, ನಿಲ್ಲುವ ರೀತಿ ಬದಲಿಸಿದೆ. ಸ್ಕೋರ್ ಮಾತ್ರ ಇದ್ದಲ್ಲೇ ಇತ್ತು.

ಒಂದು ದಿನ ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿ ಪಿಜಿಎ ಟೂರ್ ಆಟಗಾರರ ಲೆಕ್ಕ ಕಣ್ಣಿಗೆ ಬಿತ್ತು. ಎಂಟು ಅಡಿಯಿಂದ ಅವರು ಒಂದೇ ಏಟಿಗೆ ಹಾಕುವುದು ಸುಮಾರು 50%. ಅಂದರೆ ಎರಡಕ್ಕೊಂದು ತಪ್ಪುತ್ತದೆ! ದಿನವಿಡೀ ಇದೇ ಕೆಲಸ ಮಾಡುವವರ ಕಥೆ ಇದು. ಹತ್ತು ಅಡಿಯಿಂದ 40%, ಹದಿನೈದರಿಂದ 23%, ಇಪ್ಪತ್ತರಿಂದ 15%. ಮೂವತ್ತು ಅಡಿಗೆ ಹೋದರೆ 7% ಮಾತ್ರ. ಟಿವಿಯಲ್ಲಿ ನಾವು ನೋಡುವುದು ಆ ವಾರ ಚೆನ್ನಾಗಿ ಆಡುತ್ತಿರುವ ನಾಲ್ಕೈದು ಜನರನ್ನು, ಅದೂ ಅವರ ಒಳ್ಳೆಯ ಪಟ್‌ಗಳನ್ನೇ ಜಾಸ್ತಿ. ಹಾಗಾಗಿ ಎಲ್ಲರೂ ಎಲ್ಲವನ್ನೂ ಹಾಕುತ್ತಾರೆ ಅನ್ನಿಸಿಬಿಡುತ್ತದೆ.

ಈ ಲೆಕ್ಕ ಬಂದದ್ದು ಟೂರ್‌ನ ಶಾಟ್‌ಲಿಂಕ್ ಅನ್ನುವ ವ್ಯವಸ್ಥೆಯಿಂದ. ಪ್ರತಿ ಹೊಡೆತ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಅದರಲ್ಲಿ ದಾಖಲಾಗುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಆ ದಾಖಲೆಗಳನ್ನು ಇಟ್ಟುಕೊಂಡು ಒಂದು ಹೊಸ ಅಳತೆ ಕಟ್ಟಿದರು. ಹೆಸರು ಸ್ಟ್ರೋಕ್ಸ್ ಗೇನ್ಡ್. 2011ರಲ್ಲಿ ಟೂರ್ ಪಟಿಂಗ್‌ಗೆ ಇದನ್ನು ಬಳಸಲು ಶುರು ಮಾಡಿತು.

ಅದಕ್ಕೂ ಮುಂಚೆ ಎಲ್ಲರೂ ನೋಡುತ್ತಿದ್ದದ್ದು ಹದಿನೆಂಟು ಹೋಲ್‌ಗಳ ಒಂದು ರೌಂಡ್‌ಗೆ ಎಷ್ಟು ಪಟ್ ಅಂತ. ನಾನೂ ಅದನ್ನೇ ಬರೆದಿಡುತ್ತಿದ್ದೆ. ಆ ಸಂಖ್ಯೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ತಪ್ಪಿಸಿ, ಚಿಪ್ ಮಾಡಿ, ಅಂದರೆ ಹತ್ತಿರದಿಂದ ಚೆಂಡನ್ನು ಸಣ್ಣಗೆ ಎತ್ತಿ ಹೊಡೆದು ಎರಡು ಅಡಿಗೆ ತಂದು ಹಾಕಿದರೆ ಒಂದೇ ಪಟ್. ಚೆನ್ನಾಗಿ ಹೊಡೆದು ಗ್ರೀನ್ ಮೇಲೆ ನಿಲ್ಲಿಸಿ, ನಲವತ್ತು ಅಡಿಯಿಂದ ಎರಡು ಪಟ್ ಮಾಡಿದರೆ ಎರಡು. ಕಾರ್ಡ್ ನೋಡಿದರೆ ಮೊದಲನೆಯದೇ ಒಳ್ಳೆಯ ಪಟಿಂಗ್ ಅನ್ನಿಸುತ್ತದೆ, ಅಲ್ವಾ? ಕಷ್ಟದ ಕೆಲಸ ಮಾಡಿದ್ದು ಎರಡನೆಯದು.

ಹೊಸ ಅಳತೆ ದೂರದಿಂದ ಶುರುವಾಗುತ್ತದೆ. ಇಷ್ಟು ಅಡಿಯಿಂದ ಟೂರ್ ಆಟಗಾರನಿಗೆ ಸರಾಸರಿ ಎಷ್ಟು ಪಟ್ ಬೇಕು? ಮೂರು ಅಡಿಯಿಂದ 1.04. ಎಂಟರಿಂದ 1.50. ಮೂವತ್ತಮೂರರ ಸುಮಾರಿಗೆ ಸರಿಯಾಗಿ 2. ನಲವತ್ತರಿಂದ 2.06. ನೀವು ಮಾಡಿದ ಪಟ್‌ಗಳನ್ನು ಇದರಿಂದ ಕಳೆದರೆ ಲಾಭವೋ ನಷ್ಟವೋ ಗೊತ್ತಾಗುತ್ತದೆ.

ನನ್ನ ಕಣ್ಣು ತೆರೆಸಿದ್ದು ಒಂದೇ ಒಂದು ಹೋಲ್. ನಲವತ್ತು ಅಡಿ ದೂರ, ಸ್ವಲ್ಪ ಏರು. ಮೊದಲ ಪಟ್ ಎಂಟು ಅಡಿ ಹಿಂದೆಯೇ ನಿಂತಿತು. ಎರಡನೆಯದು ಬಲ ಅಂಚು ಸವರಿಕೊಂಡು ಹೋಯಿತು. ಮೂರನೆಯದು ಒಳಗೆ. ಆವತ್ತು ನಾನು ಬೈದುಕೊಂಡದ್ದು ಆ ಎಂಟು ಅಡಿಯ ಪಟ್ಟನ್ನೇ. ಸಂಜೆ ಕಾಗದ ಹಿಡಿದು ಕೂತು ಲೆಕ್ಕ ಹಾಕಿದೆ. ಒಟ್ಟು ನಷ್ಟ 0.94. ಅದರಲ್ಲಿ ಎಂಟು ಅಡಿಯಿಂದ ಆದದ್ದು 0.50. ಉಳಿದ 0.44 ನಷ್ಟ ಮೊದಲ ಪಟ್‌ನಲ್ಲೇ ಆಗಿಹೋಗಿತ್ತು. ಆ ಹೊಡೆತವನ್ನು ನಾನು ತಪ್ಪು ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದೇ ಮೊದಲ ಪಟ್ ಮೂರು ಅಡಿಯಲ್ಲಿ ನಿಂತಿದ್ದರೆ? ನಷ್ಟ ಇಲ್ಲ, 0.02 ಲಾಭ. ಆ ಕಾಗದ ಇವತ್ತಿಗೂ ನನ್ನ ಬ್ಯಾಗ್‌ನಲ್ಲಿದೆ.

ಅಲ್ಲಿಂದ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆ. ಪ್ರತಿ ಹೋಲ್‌ಗೆ ಎರಡೇ ಅಂಕಿ: ಮೊದಲ ಪಟ್ ಎಷ್ಟು ದೂರದಿಂದ, ಅದು ಕುಳಿಯಿಂದ ಎಷ್ಟು ದೂರದಲ್ಲಿ ನಿಂತಿತು. ನನ್ನ ಒಂದು ಹೆಜ್ಜೆ ಸುಮಾರು ಮೂರು ಅಡಿ. ಹೇಗೂ ಗ್ರೀನ್ ಓದಲು ಕುಳಿಯ ಕಡೆಗೆ ನಡೆಯುತ್ತೇವಲ್ಲ, ಆಗಲೇ ಎಣಿಸಿಬಿಡುತ್ತೇನೆ. ಜೊತೆಗಾರರಿಗೆ ಕಾಯುವ ತೊಂದರೆಯೂ ಇಲ್ಲ.

ಹತ್ತು ರೌಂಡ್ ಬರೆದ ಮೇಲೆ ಚಿತ್ರ ಸ್ಪಷ್ಟವಾಯಿತು. ಮೂವತ್ತು ಅಡಿ ದಾಟಿದರೆ ನನ್ನ ಮೊದಲ ಪಟ್ ಆರೇಳು ಅಡಿ ಬಾಕಿ ಉಳಿಸುತ್ತಿತ್ತು, ಹೆಚ್ಚಿನ ಸಲ ಹಿಂದೆಯೇ. ಇಲ್ಲಿ ಒಂದೊಂದು ಅಡಿಗೂ ಬೆಲೆ ಇದೆ. ಟೂರ್ ಆಟಗಾರರೇ ಮೂರು ಅಡಿಯಿಂದ 96% ಹಾಕಿದರೆ, ನಾಲ್ಕರಿಂದ 88%, ಐದರಿಂದ 77%, ಆರರಿಂದ 66%. ಮೂರೇ ಅಡಿ ವ್ಯತ್ಯಾಸಕ್ಕೆ ಮೂವತ್ತು ಅಂಕ ಕುಸಿಯುತ್ತದೆ. ಇಷ್ಟು ಕಡಿದಾದ ಇಳಿತ ಬೇರೆಲ್ಲೂ ಇಲ್ಲ.

ಹಾಗಾಗಿ ಅಭ್ಯಾಸದ ಮುಕ್ಕಾಲು ಪಾಲು ಉದ್ದ ಪಟ್‌ಗಳಿಗೆ ಹೋಯಿತು. ಮೊದಲು ಮೂರು ಚೆಂಡು ಇಟ್ಟುಕೊಂಡು ಒಂದೇ ಜಾಗದಿಂದ ಹೊಡೆಯುತ್ತಿದ್ದೆ. ಮೂರನೆಯದು ಯಾವಾಗಲೂ ಹತ್ತಿರ ಹೋಗುತ್ತದೆ, ಮನಸ್ಸಿಗೆ ಖುಷಿಯಾಗುತ್ತದೆ. ಆಟದಲ್ಲಿ ಸಿಗುವುದು ಒಂದೇ ಅವಕಾಶ. ಈಗ ಒಂದೇ ಚೆಂಡು, ಪ್ರತಿ ಸಲ ಹೊಸ ದೂರ, ಹೊಸ ಇಳಿಜಾರು. ಖಾಲಿ ಬೀಸುವಾಗ ಚೆಂಡು ನೋಡದೆ ಕುಳಿಯನ್ನೇ ನೋಡುತ್ತೇನೆ. ದೂರದ ಅಂದಾಜು ಕೈಗೆ ತಾನಾಗಿ ಬರುತ್ತದೆ. ಪಟರ್‌ನ ಮಧ್ಯಕ್ಕೆ ಚೆಂಡು ತಾಗುತ್ತಿದೆಯಾ ಅಂತಲೂ ಗಮನ ಇಡಬೇಕು. ಅಂಚಿಗೆ ತಾಗಿದರೆ ಅದೇ ಬೀಸಿಗೆ ಚೆಂಡು ಕಡಿಮೆ ದೂರ ಹೋಗುತ್ತದೆ. ನನ್ನ ಪಟ್‌ಗಳು ಹಿಂದೆ ಉಳಿಯುತ್ತಿದ್ದುದಕ್ಕೆ ಅರ್ಧ ಕಾರಣ ಅದೇ.

ಉಳಿದ ಕಾಲು ಪಾಲು ನಾಲ್ಕು ಅಡಿಗೆ. ಚೆಂಡಿನಿಂದ ಒಂದು ಅಡಿ ಮುಂದೆ ಎರಡು ಟೀ (ಚೆಂಡು ಇಡುವ ಸಣ್ಣ ಮೊಳೆ) ಚುಚ್ಚುತ್ತೇನೆ, ನಡುವೆ ಎರಡು ಇಂಚು ಜಾಗ. ಚೆಂಡಿನ ಅಗಲವೇ 1.68 ಇಂಚು. ಟೀಗೆ ತಾಗದೆ ನಡುವೆ ಹೋಗಬೇಕೆಂದರೆ ಪಟರ್‌ನ ಮುಖ ನೇರವಾಗಿರಲೇಬೇಕು. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಅನ್ನುವುದನ್ನು ಬಹುಪಾಲು ತೀರ್ಮಾನಿಸುವುದು ಆ ಮುಖವೇ. ಚೆಂಡು ಹೊರಡುವಾಗ ಒಂದು ಡಿಗ್ರಿ ತಪ್ಪಿದರೆ, ಹತ್ತು ಅಡಿ ಹೋಗುವಷ್ಟರಲ್ಲಿ ಎರಡು ಇಂಚು ಚಿಲ್ಲರೆ ಪಕ್ಕಕ್ಕೆ ಸರಿದಿರುತ್ತದೆ. ಕುಳಿಯ ಅಗಲ 4.25 ಇಂಚು, ಅಂದರೆ ಮಧ್ಯದಿಂದ ಅಂಚಿಗೆ ಇರುವುದೂ ಆ ಎರಡು ಇಂಚು ಚಿಲ್ಲರೆಯೇ. ಇದನ್ನು ಲೆಕ್ಕ ಹಾಕಿ ನೋಡಿದ ದಿನವೇ ಹತ್ತು ಅಡಿಯ ಪಟ್ ಬಗ್ಗೆ ನನ್ನ ಸಿಟ್ಟು ಇಳಿಯಿತು. ಅಷ್ಟು ದೂರಕ್ಕೆ ಅದು ನಿಜಕ್ಕೂ ಸಣ್ಣ ಕುಳಿ.

ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಉದ್ದ ಪಟ್‌ಗಳು ಹಿಂದೆ ಉಳಿಯುವುದು ನಿಂತು ಮುಂದೆ ಓಡತೊಡಗಿದವು, ಅಷ್ಟೇ. ಎರಡನೆಯ ತಿಂಗಳಲ್ಲಿ ಸ್ವಲ್ಪ ಹದ ಸಿಕ್ಕಿತು. ಮೊದಲು ಒಂದು ರೌಂಡ್‌ಗೆ ನಾಲ್ಕು ಸಲ ಮೂರು ಪಟ್ ಆಗುತ್ತಿತ್ತು. ಈಗ ಒಂದು, ಕೆಟ್ಟ ದಿನ ಎರಡು. ಎಂಟು ಅಡಿಯಿಂದ ನಾನು ಹಾಕುವ ಪ್ರಮಾಣ ಹೆಚ್ಚು ಕಡಿಮೆ ಹಾಗೇ ಇದೆ. ಆದರೆ ಅಲ್ಲಿಂದ ಎರಡನೆಯ ಪಟ್ ಹೊಡೆಯುವ ಸಂದರ್ಭವೇ ಕಡಿಮೆಯಾಗಿದೆ.

ಪಟಿಂಗ್ ಒಂದರಿಂದಲೇ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳಲ್ಲ. ಅಗ್ರ ಆಟಗಾರರು ಉಳಿದವರಿಗಿಂತ ಮುಂದಿರುವುದರಲ್ಲಿ ಪಟಿಂಗ್‌ನ ಪಾಲು ಸುಮಾರು 15% ಅಂತ ಬ್ರಾಡಿ ಅವರ ಲೆಕ್ಕವೇ ಹೇಳುತ್ತದೆ. ಗ್ರೀನ್ ಕಡೆಗೆ ಹೊಡೆಯುವ ಅಪ್ರೋಚ್ ಶಾಟ್‌ಗಳದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಆದರೂ ನಾನು ಇಲ್ಲಿಂದಲೇ ಶುರು ಮಾಡಿದ್ದಕ್ಕೆ ಕಾರಣ ಇದೆ. ಪಟಿಂಗ್‌ಗೆ ತೋಳಬಲ ಬೇಡ, ವಯಸ್ಸು ಅಡ್ಡ ಬರಲ್ಲ. ಅರ್ಧ ಗಂಟೆ ಸಿಕ್ಕರೂ ಸಾಕು.

ಹೋದ ವಾರದಿಂದ ನೋಟ್‌ಬುಕ್‌ನಲ್ಲಿ ಮೂರನೆಯ ಅಂಕಣ ಸೇರಿಸಿದ್ದೇನೆ: ಏರೋ, ಇಳಿಜಾರೋ. ಇಳಿಜಾರಿನ ಉದ್ದ ಪಟ್‌ಗಳು ಇನ್ನೂ ಐದಾರು ಅಡಿ ಮುಂದೆ ಹೋಗಿ ನಿಲ್ಲುತ್ತಿವೆ.