ಸ್ಟೀಲ್ ಗ್ರಿಲ್‌ಗೆ ತುಕ್ಕು ಬಾರದಂತೆ ತೊಳೆಯುವುದು ಹೇಗೆ?

ಮಂಗಳೂರು, ಉಡುಪಿ ಕಡೆ ಟೆರೇಸ್ ಮೇಲೋ ಅಂಗಳದಲ್ಲೋ ಗ್ಯಾಸ್ ಗ್ರಿಲ್ ಇಟ್ಟುಕೊಂಡವರ ಮನೆಗೆ ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿ. ಮುಚ್ಚಳದ ಮೇಲೆ ಕಂದು ಚುಕ್ಕೆ, ಹಿಡಿಯ ಸುತ್ತ ಕೆಂಪು ಗೆರೆ ಕಾಣುತ್ತದೆ. ಸ್ಟೀಲ್ ಎಂದು ಅಷ್ಟು ದುಡ್ಡು ಕೊಟ್ಟು ತಂದಿದ್ದಕ್ಕೆ ತುಕ್ಕು ಹೇಗೆ ಬಂತು ಎಂದು ಎಲ್ಲರೂ ಮಳೆಯನ್ನೇ ಬೈಯುತ್ತಾರೆ. ಆದರೆ ಮಳೆಗಿಂತ ಜಾಸ್ತಿ ಹಾಳು ಮಾಡುವುದು ಉಪ್ಪು. ಅದರ ಜೊತೆಗೆ ನಾವು ತೊಳೆಯುವ ರೀತಿ.

ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ, ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರ ಕಟ್ಟಿಕೊಳ್ಳುತ್ತದೆ. ಒಳಗಿನ ಕಬ್ಬಿಣವನ್ನು ಕಾಯುವುದು ಈ ಪದರವೇ. ಗೀರು ಬಿದ್ದರೂ ತೊಂದರೆಯಿಲ್ಲ, ಗಾಳಿ ತಾಗಿದರೆ ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಅಡ್ಡಿ ಮಾಡುವುದು ಉಪ್ಪಿನಲ್ಲಿರುವ ಕ್ಲೋರೈಡ್. ಸಮುದ್ರದ ಗಾಳಿಯಲ್ಲಿ, ಮೀನಿಗೆ ಹಚ್ಚಿದ ಮಸಾಲೆಯ ಉಪ್ಪಿನಲ್ಲಿ, ಬ್ಲೀಚಿಂಗ್ ಪುಡಿಯಲ್ಲಿ, ಎಲ್ಲದರಲ್ಲೂ ಅದು ಇದೆ. ಹಾಗಾಗಿ ಗ್ರಿಲ್ ಹೊಳೆಯುವುದು ಆಮೇಲಿನ ಮಾತು. ಮೊದಲು ಉಪ್ಪು ಹೋಗಬೇಕು, ಪದರ ಉಳಿಯಬೇಕು.

ಹೊಸದು ಕೊಳ್ಳುವವರಿಗೆ ಒಂದು ಮಾತು. 304 ಗ್ರೇಡ್‌ನಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುತ್ತದೆ. 316ರಲ್ಲಿ ಇದರ ಜೊತೆ ಶೇ 2ಕ್ಕೂ ಹೆಚ್ಚು ಮಾಲಿಬ್ಡಿನಂ ಇರುವುದರಿಂದ ಕಡಲ ತೀರಕ್ಕೆ ಅದೇ ವಾಸಿ. ಆದರೆ ಬೆಲೆ ಜಾಸ್ತಿ. ಅಂಗಡಿಯಲ್ಲಿ ಮ್ಯಾಗ್ನೆಟ್ ಹಿಡಿದು, ಅಂಟಲಿಲ್ಲ ಎಂದ ಮಾತ್ರಕ್ಕೆ 304 ಎಂದು ನಂಬಬೇಡಿ. ಅಗ್ಗದ 202 ಗ್ರೇಡ್‌ಗೂ ಮ್ಯಾಗ್ನೆಟ್ ಸರಿಯಾಗಿ ಅಂಟುವುದಿಲ್ಲ. ಬಿಲ್‌ನಲ್ಲಿ ಗ್ರೇಡ್ ಬರೆಸಿಕೊಳ್ಳಿ.

ಅಡುಗೆ ಮುಗಿದ ಕೂಡಲೇ

ಅರ್ಧ ಕೆಲಸ ಅಂದೇ ಮುಗಿದುಹೋಗುತ್ತದೆ. ಬಂಗುಡೆ, ಪನೀರ್ ಏನಿದ್ದರೂ ತೆಗೆದ ಮೇಲೆ ಉರಿ ಜೋರು ಮಾಡಿ ಮುಚ್ಚಳ ಹಾಕಿ. ಹತ್ತು ಹದಿನೈದು ನಿಮಿಷದಲ್ಲಿ ಕಂಬಿಗೆ ಅಂಟಿದ ಮಸಾಲೆ ಸುಟ್ಟು ಕರಿಪುಡಿಯಾಗುತ್ತದೆ. ಅಷ್ಟು ಹೊತ್ತು ಅಲ್ಲೇ ಇರಿ. ಮೊದಲು ಸಿಲಿಂಡರ್, ಆಮೇಲೆ ಗ್ರಿಲ್‌ನ ಗುಬ್ಬಿ (ಉರಿ ತಿರುಗಿಸುವ ನಾಬ್) ಬಂದ್ ಮಾಡಿ. ಕಂಬಿ ಇನ್ನೂ ಬಿಸಿಯಿರುವಾಗಲೇ ಅರ್ಧ ಈರುಳ್ಳಿಯನ್ನು ಉದ್ದನೆಯ ಫೋರ್ಕ್‌ಗೆ ಚುಚ್ಚಿ, ಕತ್ತರಿಸಿದ ಭಾಗ ಕೆಳಗೆ ಮಾಡಿ ಉಜ್ಜಿ. ಅದರ ನೀರು ಚುರ್ರೆಂದು ಆವಿಯಾಗುತ್ತಾ ಕರಿಯನ್ನು ಸಡಿಲ ಮಾಡುತ್ತದೆ. ಉಳಿದದ್ದನ್ನು ಮರದ ಸ್ಕ್ರೇಪರ್‌ನಿಂದ ಕೆರೆಯಿರಿ.

ತಂತಿ ಬ್ರಷ್ ಮಾತ್ರ ಬೇಡವೇ ಬೇಡ. ಅದರ ಕೂದಲಿನಂಥ ತಂತಿ ಮುರಿದು ಕಂಬಿಗೆ ಅಂಟಿಕೊಂಡರೆ ಕಣ್ಣಿಗೆ ಕಾಣುವುದಿಲ್ಲ. ಮುಂದಿನ ಸಲ ಅದು ಊಟದ ಜೊತೆ ಹೊಟ್ಟೆಗೆ ಹೋಗುತ್ತದೆ. ಗ್ರಿಲ್ ಬಳಕೆ ಜಾಸ್ತಿಯಿರುವ ಅಮೆರಿಕದಲ್ಲಿ ಗಂಟಲಿಗೆ, ಕರುಳಿಗೆ ಇಂಥ ತಂತಿ ಚುಚ್ಚಿಕೊಂಡು ಆಸ್ಪತ್ರೆ ಸೇರಿದವರಿದ್ದಾರೆ. ಮಕ್ಕಳಿರುವ ಮನೆಯಲ್ಲಂತೂ ಈ ಬ್ರಷ್ ಇದ್ದರೆ ಇವತ್ತೇ ಎಸೆಯಿರಿ.

ಒಳಗಿನ ದೊಡ್ಡ ತೊಳೆತ

ನಾಲ್ಕೈದು ಸಲ ಬಳಸಿದ ಮೇಲೆ ಇದು ಬೇಕು. ಗ್ರಿಲ್ ಪೂರ್ತಿ ತಣ್ಣಗಿರಲಿ, ಸಿಲಿಂಡರ್ ಬಿಚ್ಚಿಡಿ. ಕಂಬಿಗಳನ್ನು ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅರ್ಧ ಗಂಟೆ ನೆನೆಸಿ. ತೆಂಗಿನ ನಾರು ಇದಕ್ಕೆ ಹೇಳಿ ಮಾಡಿಸಿದ್ದು, ಉಜ್ಜುತ್ತದೆ ಆದರೆ ಗೀರುವುದಿಲ್ಲ. ಜಿಡ್ಡು ಗಟ್ಟಿಯಾಗಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ.

ಮುಚ್ಚಳದ ಒಳಗೆ ಕಪ್ಪು ಹೊಪ್ಪಳಿಕೆ ಏಳುತ್ತಿದ್ದರೆ ಬಣ್ಣ ಕಿತ್ತುಬರುತ್ತಿದೆ ಎಂದು ಗಾಬರಿಯಾಗಬೇಡಿ. ಅದು ಹೊಗೆ ಮತ್ತು ಜಿಡ್ಡು ಸುಟ್ಟು ಗಟ್ಟಿಯಾದದ್ದು. ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದರೆ ಬರುತ್ತದೆ.

ಬರ್ನರನ್ನು ನೀರಿಗೆ ಹಾಕಬೇಡಿ. ಒಣ ಬ್ರಷ್‌ನಿಂದ ಅಡ್ಡಡ್ಡಲಾಗಿ ಉಜ್ಜಿ. ಉದ್ದಕ್ಕೆ ಎಳೆದರೆ ಕಸ ಒಂದು ತೂತಿನಿಂದ ಇನ್ನೊಂದಕ್ಕೆ ಸೇರುತ್ತದೆ. ಮುಚ್ಚಿದ ತೂತನ್ನು ಪಿನ್ನಿನಿಂದ ಮೆಲ್ಲಗೆ ಬಿಡಿಸಿ. ತೂತು ದೊಡ್ಡದಾಗಬಾರದು, ದೊಡ್ಡದಾದರೆ ಉರಿಯ ಲೆಕ್ಕವೇ ತಪ್ಪುತ್ತದೆ.

ಕೆಳಗಿನ ಜಿಡ್ಡಿನ ಟ್ರೇ ಎಲ್ಲಕ್ಕಿಂತ ಮುಖ್ಯ. ಕೋಳಿ, ಮೀನಿನ ಕೊಬ್ಬು, ಎಣ್ಣೆ ಅಲ್ಲಿ ಇಳಿದು ನಿಂತಿರುತ್ತದೆ. ಒಂದು ಕಿಡಿ ಬಿದ್ದರೂ ಹತ್ತಿಕೊಳ್ಳುತ್ತದೆ. ಆ ಬೆಂಕಿಗೆ ನೀರು ಹಾಕಿದರೆ ಎಣ್ಣೆ ಸಿಡಿದು ಇನ್ನೂ ಹಬ್ಬುತ್ತದೆ. ಪ್ರತಿ ಸಲವೂ ತಣ್ಣಗಾದ ಮೇಲೆ ಟ್ರೇ ಖಾಲಿ ಮಾಡಿ, ಹಳೆ ಪೇಪರ್‌ನಲ್ಲಿ ಒರೆಸಿ.

ಹೊರಮೈ

ಬೆಳಕಿಗೆ ಓರೆಯಾಗಿ ನೋಡಿದರೆ ಸ್ಟೀಲ್ ಮೇಲೆ ಒಂದೇ ದಿಕ್ಕಿಗೆ ಹೋಗುವ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಯಾವಾಗಲೂ ಆ ಗೆರೆಯ ಜಾಡಿನಲ್ಲೇ ಒರೆಸಿ. ಸುತ್ತಿ ಸುತ್ತಿ ಉಜ್ಜಿದರೆ ಗೀರು ಎದ್ದು ಕಾಣುತ್ತದೆ, ಕೊಳೆಯೂ ಅಲ್ಲೇ ಕೂರುತ್ತದೆ. ಉಗುರು ಬೆಚ್ಚಗಿನ ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಆಮೇಲೆ ಒಳ್ಳೆ ನೀರಿನಿಂದ ತೊಳೆದು ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ. ಬೆಂಗಳೂರಿನವರಿಗೆ ಬೋರ್‌ವೆಲ್ ನೀರಿನ ಬಿಳಿ ಕಲೆಯ ಕಾಟ ಇದೆ ಅಲ್ವಾ? ವಿನೆಗರ್, ನೀರು ಸಮ ಸಮ ಬೆರೆಸಿ ಒರೆಸಿದರೆ ಹೋಗುತ್ತದೆ. ಒರೆಸಿದ ಮೇಲೆ ವಿನೆಗರನ್ನೂ ತೊಳೆಯಬೇಕು.

ಹೊಳಪಿಗೆಂದು ಎಣ್ಣೆ ಸವರುವ ರೂಢಿ ಇದೆ. ಹೊರಗಿಡುವ ಗ್ರಿಲ್‌ಗೆ ನಾನು ಅದನ್ನು ಹೇಳುವುದಿಲ್ಲ. ಧೂಳು ಅಂಟಿ ಉಪ್ಪನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅಡುಗೆ ಎಣ್ಣೆ ಒಳಗಿನ ಕಂಬಿಗೆ ಮಾತ್ರ, ಅದೂ ತೆಳ್ಳಗೆ.

ಕಬ್ಬಿಣದ ನಾರಿನಿಂದ ಉಜ್ಜಬೇಡಿ. ಅದರ ಪುಡಿ ಸ್ಟೀಲ್ ಮೇಲೆ ಕೂತು ತುಕ್ಕಾಗುತ್ತದೆ, ನೋಡಿದವರು ಗ್ರಿಲ್ಲೇ ತುಕ್ಕು ಹಿಡಿಯಿತು ಅಂದುಕೊಳ್ಳುತ್ತಾರೆ. ಬ್ಲೀಚ್ ಮತ್ತು ಬಾತ್‌ರೂಮ್ ತೊಳೆಯುವ ಆಸಿಡ್ ಹತ್ತಿರಕ್ಕೂ ತರಬೇಡಿ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜುತ್ತೇವಲ್ಲ, ಆ ಅಭ್ಯಾಸವೂ ಇಲ್ಲಿ ಬೇಡ.

ಕಂದು ಚುಕ್ಕೆ ಈಗಾಗಲೇ ಬಂದಿದ್ದರೆ ಅಡುಗೆ ಸೋಡಾದ ಪೇಸ್ಟ್ ಹಚ್ಚಿ ಗೆರೆಯ ಜಾಡಿನಲ್ಲಿ ಉಜ್ಜಿ. ಬಹಳಷ್ಟು ಸಲ ಅದು ಮೇಲುಮೇಲಿನ ಕಲೆಯಷ್ಟೇ. ಹೊನ್ನಿನ ಬಣ್ಣ, ನೀಲಿ ಬಣ್ಣ ಕಂಡರೆ ಅದು ತುಕ್ಕಲ್ಲ, ಬಿಸಿಗೆ ಬಂದ ಬಣ್ಣ. ಸುಮ್ನೆ ಬಿಟ್ಟುಬಿಡಿ.

ಕರಾವಳಿಯವರು ಗಮನಿಸಿ

ಕಡಲ ಹತ್ತಿರ ಇರುವವರು ಗ್ರಿಲ್ ಹಚ್ಚದಿದ್ದರೂ ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಹೊರಮೈ ಒರೆಸಿ. ಮಳೆ ನೇರ ಬೀಳುವ ಜಾಗದ ಸ್ಟೀಲ್‌ಗಿಂತ ಸೂರಿನ ಅಡಿಯಲ್ಲಿರುವುದಕ್ಕೇ ಕಲೆ ಬೇಗ ಬರುತ್ತದೆ. ಮಳೆ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ, ಸೂರಿನ ಕೆಳಗೆ ತೊಳೆಯುವವರಿಲ್ಲ. ಹಿಡಿಯ ಸಂದು, ಸ್ಕ್ರೂ ಸುತ್ತ, ಮುಚ್ಚಳದ ಹಿಂಬದಿ ಮರೆಯಬೇಡಿ. ಕವರ್ ಹಾಕುವುದಾದರೆ ಗ್ರಿಲ್ ಆರಿ ಒಣಗಿದ ಮೇಲೆ ಹಾಕಿ, ಬಿಸಿಲು ಬಂದ ದಿನ ತೆಗೆಯಿರಿ. ಗಾಳಿಯಾಡದ ಪ್ಲಾಸ್ಟಿಕ್ ಕವರ್ ಒಳಗೇ ಬೆವರುತ್ತದೆ.

ಮಂಗಳೂರಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಜೂನ್‌ಗೆ ಮುಂಚೆ ಒಮ್ಮೆ ಪೂರ್ತಿ ತೊಳೆದು, ಕಂಬಿಗಳನ್ನು ಮನೆಯೊಳಗೆ ಇಟ್ಟುಬಿಡುವುದು ಒಳ್ಳೆಯದು.

ಮಳೆ ನಿಂತ ಮೇಲೆ ನೇರವಾಗಿ ಬೆಂಕಿ ಹಚ್ಚಬೇಡಿ. ಬರ್ನರ್‌ಗೆ ಗ್ಯಾಸ್ ಬರುವ ಕೊಳವೆಯೊಳಗೆ ಜೇಡ ಬಲೆ ಕಟ್ಟಿರುತ್ತದೆ. ಗ್ಯಾಸ್ ಮುಂದೆ ಹೋಗದೆ ಗುಬ್ಬಿಯ ಹತ್ತಿರವೇ ಬೆಂಕಿ ಕಾಣಿಸಿಕೊಳ್ಳಬಹುದು. ಬಾಟಲಿ ತೊಳೆಯುವ ಸಣ್ಣ ಬ್ರಷ್ ಹಾಕಿ ಬಿಡಿಸಿ. ರಬ್ಬರ್ ಪೈಪ್ ಬಗ್ಗಿಸಿ ಬಿರುಕು ಇದೆಯಾ ನೋಡಿ. ಸುರಕ್ಷಾ ಪೈಪನ್ನು ಐದು ವರ್ಷಕ್ಕೆ ಬದಲಿಸಬೇಕು, ತಾರೀಖು ಪೈಪ್ ಮೇಲೆಯೇ ಇರುತ್ತದೆ. ಕೊನೆಗೆ ಗ್ರಿಲ್‌ನ ಗುಬ್ಬಿ ಬಂದ್ ಇಟ್ಟು, ಸಿಲಿಂಡರ್ ತೆರೆದು, ಜೋಡಣೆ ಇರುವ ಕಡೆಯೆಲ್ಲ ಸೋಪಿನ ನೀರು ಹಚ್ಚಿ. ಎಲ್ಲಾದರೂ ಗುಳ್ಳೆ ಎದ್ದರೆ ಸಿಲಿಂಡರ್ ಬಂದ್ ಮಾಡಿ, ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.