ದಿನಾ ಅದೇ ತಿಂಡಿ, ಅದೇ ಊಟ: ತೂಕ ಇಳಿಸೋಕೆ ತಲೆಬಿಸಿ ಇಲ್ಲದ ದಾರಿ

ಹೊಟ್ಟೆ ಬಿರಿಯುವಷ್ಟು ಊಟ ಆದ ಮೇಲೂ ಸಿಹಿ ಎದುರಿಗೆ ಬಂದರೆ ಒಂದು ತುಂಡಿಗೆ ಜಾಗ ಇದ್ದೇ ಇರುತ್ತದೆ, ಅಲ್ವಾ? ಇದು ಬರೀ ಬಾಯಿಚಪಲ ಅಲ್ಲ. ಒಂದೇ ರುಚಿ ತಿನ್ನುತ್ತಾ ಹೋದರೆ ನಾಲಿಗೆಗೆ ಅದು ಸಾಕಾಗುತ್ತದೆ, ಹೊಸ ರುಚಿ ಕಂಡ ಕೂಡಲೇ ಮತ್ತೆ ಬೇಕು ಅನ್ನಿಸುತ್ತದೆ. ಆಹಾರ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಜೊತೆಗಾರರು 1980ರ ದಶಕದಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಬಗೆಬಗೆಯದು ಇಟ್ಟರೆ ಜನ ಜಾಸ್ತಿ ತಿನ್ನುತ್ತಾರೆ. ಹಾಗಾದರೆ ಬಗೆಯನ್ನೇ ಕಡಿಮೆ ಮಾಡೋಣ.

ಹಾಗಂತ ವಾರವಿಡೀ ಬರೀ ಹಣ್ಣು, ಬರೀ ಸೂಪ್ ಅನ್ನೋ ಹುಚ್ಚಾಟ ಬೇಡ. ಕಡಿಮೆ ಮಾಡಬೇಕಾದ್ದು ಆಯ್ಕೆಯನ್ನು, ಪೋಷಣೆಯನ್ನಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಹಾಲೂಡಿಸುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಬೆಳೆಯುವ ಮಕ್ಕಳಿಗಂತೂ ಇದು ಬೇಡವೇ ಬೇಡ. ಹಿಂದೆ ಊಟ ಬಿಟ್ಟು ಬಿಟ್ಟು ಆರೋಗ್ಯ ಕೆಡಿಸಿಕೊಂಡವರೂ ದೂರ ಇರಿ.

ಮೊದಲ ವಾರ ಏನನ್ನೂ ಬದಲಾಯಿಸಬೇಡಿ, ಬಾಯಿಗೆ ಹೋದದ್ದನ್ನೆಲ್ಲ ಸುಮ್ನೆ ಬರೆದಿಡಿ. ಅಡುಗೆ ಮಾಡ್ತಾ ರುಚಿ ನೋಡಿದ್ದು, ಮಕ್ಕಳು ಬಿಟ್ಟದ್ದು, ಎಲ್ಲವನ್ನೂ. ಆಮೇಲೆ ಆ ಪಟ್ಟಿಯಿಂದಲೇ ಬೆಳಿಗ್ಗೆಗೆ ಒಂದು, ಮಧ್ಯಾಹ್ನಕ್ಕೆ ಒಂದು ಊಟ ಆರಿಸಿ. ನಿಮಗೆ ಇಷ್ಟವಾದದ್ದೇ ಇರಲಿ, ಇಲ್ಲದಿದ್ದರೆ ನಾಲ್ಕು ದಿನವೂ ನಡೆಯಲ್ಲ. ಮೊಟ್ಟೆ, ಬೇಳೆಕಾಳು, ಮೊಸರು, ಮೀನು, ಕೋಳಿ, ಇವುಗಳಲ್ಲಿ ಒಂದಾದರೂ ಎರಡೂ ಹೊತ್ತು ಇರಬೇಕು. ಪ್ರೋಟೀನ್ ಇದ್ದರೆ ಬೇಗ ಹಸಿವಾಗಲ್ಲ.

ದಿನಾ ಅದೇ ತಿನ್ನುವುದರ ದೊಡ್ಡ ಲಾಭ ಏನೆಂದರೆ, ಅಳತೆಯ ಗೋಳು ಒಂದೇ ಸಲಕ್ಕೆ ಮುಗಿಯುತ್ತದೆ. ಎಣ್ಣೆಯನ್ನೇ ನೋಡಿ. ಬಾಣಲೆಗೆ ಬಾಟಲಿಯಿಂದ ಕಣ್ಣಳತೆಯಲ್ಲಿ ಸುರಿಯುತ್ತೇವೆ. ಆದರೆ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ, ಕೈ ಸ್ವಲ್ಪ ಜಾರಿದರೂ ಅದು ಎರಡು ಚಮಚ ಆಗಿರುತ್ತದೆ, ತಿನ್ನುವಾಗ ಮಾತ್ರ ಏನೂ ವ್ಯತ್ಯಾಸ ಗೊತ್ತಾಗಲ್ಲ. ಎಣ್ಣೆ ಡಬ್ಬಿಯಲ್ಲೇ ಒಂದು ಚಮಚ ಇಟ್ಟುಬಿಡಿ, ಅದರಲ್ಲೇ ಅಳೆದು ಹಾಕಿ. ಅನ್ನಕ್ಕೂ ಒಂದೇ ಬಟ್ಟಲು. ತಲೆ ತುಂಬಿ ಹಾಕಬೇಡಿ, ಅಂಚಿಗೆ ಸಮ ಮಾಡಿ.

ರಾತ್ರಿ ಮನೆಯವರ ಜೊತೆ ಕೂತು ಊಟ ಮಾಡಿ, ಅದೂ ಅದೇ ಬಟ್ಟಲಿನ ಅಳತೆಯಲ್ಲಿ. ಮೂರೂ ಹೊತ್ತು ಕಟ್ಟುನಿಟ್ಟು ಮಾಡಿದವರು ಬೇಗ ಬೇಸತ್ತು ಕೈಬಿಡುತ್ತಾರೆ ಅನ್ನೋದು ನನ್ನ ಅನಿಸಿಕೆ.

ಕುರುಕಲು ತಿಂಡಿಗೆ ಒಂದೇ ನಿಯಮ: ಮನೆಯಲ್ಲಿ ಒಂದು ಸಲಕ್ಕೆ ಒಂದೇ ಬಗೆ. ಅದು ಖಾಲಿಯಾದ ಮೇಲಷ್ಟೇ ಇನ್ನೊಂದು. ನಾಲ್ಕು ಡಬ್ಬಿ ಇದ್ದರೆ ಖಾರ ತಿಂದು ಸಿಹಿ, ಸಿಹಿ ತಿಂದು ಮತ್ತೆ ಖಾರ ಅಂತ ಕೈ ಓಡಾಡುತ್ತಲೇ ಇರುತ್ತದೆ. ಕುಡಿಯೋದರಲ್ಲೂ ಹಾಗೆ. ನೀರು, ಸಕ್ಕರೆ ಹಾಕದ ಕಾಫಿ ಟೀ ಸಾಕು. ಜ್ಯೂಸ್, ಕೂಲ್ ಡ್ರಿಂಕ್ಸ್ ಪಟ್ಟಿಯಲ್ಲೇ ಬೇಡ.

ತರಕಾರಿಗೆ ಮಾತ್ರ ಈ ನಿಯಮ ಉಲ್ಟಾ. ಅಲ್ಲಿ ಬಗೆ ಜಾಸ್ತಿಯಾದಷ್ಟೂ ಒಳ್ಳೆಯದು, ವಾರ ವಾರ ಬದಲಾಯಿಸುತ್ತಿರಿ. ತರಕಾರಿ, ಹಣ್ಣು ಸೇರಿ ದಿನಕ್ಕೆ 400 ಗ್ರಾಂ ಆದರೂ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಲೂಗಡ್ಡೆ ಆ ಲೆಕ್ಕಕ್ಕೆ ಬರಲ್ಲ, ಆದರೂ ಅದನ್ನು ಸುಮ್ನೆ ಬೈಯಬೇಡಿ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ 38 ಆಹಾರ ಹೋಲಿಸಿ ನೋಡಿದಾಗ ಅಷ್ಟೇ ಕ್ಯಾಲೊರಿಗೆ ಹೊಟ್ಟೆ ತುಂಬಿಸುವುದರಲ್ಲಿ ಬೇಯಿಸಿದ ಆಲೂಗಡ್ಡೆಯೇ ಮೊದಲ ಸ್ಥಾನಕ್ಕೆ ಬಂತು. ಕರಿದರೆ ಆ ಮಾತು ಬೇರೆ.

ಊಟ ಬದಲಾಯಿಸಿದ ಮೊದಲ ವಾರ ತೂಕ ದಬದಬ ಇಳಿದರೆ ಹಿಗ್ಗಬೇಡಿ, ಅದರಲ್ಲಿ ನೀರೇ ಜಾಸ್ತಿ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ (ದೇಹ ಸಕ್ಕರೆಯನ್ನು ಕೂಡಿಡುವ ರೂಪ) ಒಂದು ಗ್ರಾಂ ಕರಗಿದರೆ ಜೊತೆಗೆ ಸುಮಾರು 3 ಗ್ರಾಂ ನೀರೂ ಹೋಗುತ್ತದೆ. ಆಮೇಲೆ ವಾರಕ್ಕೆ ಅರ್ಧ ಕಿಲೋ ಇಳಿದರೂ ಚೆನ್ನಾಗಿಯೇ ನಡೆಯುತ್ತಿದೆ ಅಂತ ಅರ್ಥ. ಮೂರು ನಾಲ್ಕು ವಾರ ಮುಳ್ಳು ಅಲ್ಲೇ ನಿಂತರೆ ಊಟ ಬಿಡಬೇಡಿ, ಅನ್ನದ ಬಟ್ಟಲಲ್ಲಿ ಕಾಲು ಭಾಗ ಕಡಿಮೆ ಮಾಡಿ. ಅದೇ ಊಟ ಬೇಜಾರಾದರೆ ಒಗ್ಗರಣೆ ಬದಲಾಯಿಸಿ, ಅಳತೆ ಬದಲಾಯಿಸಬೇಡಿ. ಸಮಾರಂಭಕ್ಕೆ ಹೋದರೆ ಮೊದಲು ಎಲ್ಲವನ್ನೂ ಒಂದು ಸುತ್ತು ನೋಡಿ, ನಿಜವಾಗಲೂ ಬೇಕು ಅನ್ನಿಸಿದ ಎರಡನ್ನು ಹಾಕಿಸಿಕೊಂಡು ನೆಮ್ಮದಿಯಾಗಿ ತಿನ್ನಿ. ಮಾರನೇ ದಿನ ಉಪವಾಸ ಬೇಡ, ಬೆಳಿಗ್ಗೆ ಎಂದಿನ ತಿಂಡಿ ತಿಂದರಾಯಿತು.